ಬೆಂಗಳೂರಿನಲ್ಲಿ ಸಿನಿಮಾ ಎಲ್ಲಿ ನೋಡೋದು? ಸ್ಕ್ರೀನ್ ನಂಬರ್ ನೋಡಿ ಟಿಕೆಟ್ ತಗೊಳ್ಳಿ

ಹೋದ ವರ್ಷ ಒಂದೇ ಸಿನಿಮಾವನ್ನು ಒಂದೇ ಮಾಲ್‌ನಲ್ಲಿ ಎರಡು ಸಲ ನೋಡಿದೆ. ಮೊದಲ ಸಲ ನಾನೊಬ್ಬನೇ, ಶುಕ್ರವಾರ ಸಂಜೆ. ದೊಡ್ಡ ಹಾಲ್. ಮಳೆ ಸೀನ್ ಬಂದಾಗ ನಿಜವಾಗಲೂ ತಲೆ ಮೇಲೆ ಹನಿ ಬಿದ್ದ ಹಾಗಾಯಿತು. ಮನೆಗೆ ಬಂದು ಎಲ್ಲರ ತಲೆ ತಿಂದೆ. ಮುಂದಿನ ವಾರ, ಭಾನುವಾರ, ಅಮ್ಮ, ಹೆಂಡತಿ, ಮಗಳನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಈ ಸಲ ಸಿಕ್ಕಿದ್ದು ಬೇರೆ ಸ್ಕ್ರೀನ್. ನೂರು ಚಿಲ್ಲರೆ ಸೀಟು. ಚಿತ್ರ ಮಬ್ಬುಮಬ್ಬು. ಪಕ್ಕದ ಹಾಲ್‌ನ ಫೈಟ್ ಗೋಡೆ ದಾಟಿ ಬಂದು ನಮ್ಮ ನಾಯಕಿ ಅಳುವ ಸೀನ್‌ಗೆ ಢಂ ಢಂ ಅಂತ ತಾಳ ಹಾಕುತ್ತಿತ್ತು. ಇಂಟರ್ವಲ್‌ನಲ್ಲಿ ಅಮ್ಮ ನನ್ನ ಮುಖ ನೋಡಿ, "ಇದಕ್ಕೇನಾ ಅಷ್ಟು ಕುಣಿದಿದ್ದು ನೀನು?" ಅಂದರು.

ಟಿಕೆಟ್ ರೇಟ್ ಮಾತ್ರ ಎರಡನೇ ಸಲವೇ ಜಾಸ್ತಿ ಇತ್ತು. ಭಾನುವಾರ ಅಲ್ವಾ.

ಹೊರಗೆ ಬಂದು ಅಲ್ಲಿದ್ದ ಮ್ಯಾನೇಜರ್‌ಗೆ ಚಿತ್ರ ಮಬ್ಬಾಗಿದೆ ಅಂದೆ. "ಡಿಜಿಟಲ್ ಸಾರ್, ಎಲ್ಲಾ ಕಡೆ ಒಂದೇ" ಅಂದರು. ಎಲ್ಲಾ ಕಡೆ ಒಂದೇ ಅಲ್ಲ. ಈ ಊರಿನಲ್ಲಿ ಇಪ್ಪತ್ತು ವರ್ಷದಿಂದ ತಿಂಗಳಿಗೆ ಎರಡು ಮೂರು ಸಿನಿಮಾ ನೋಡಿಕೊಂಡು ಬಂದವನಾಗಿ ನಾನು ಹೇಳಬೇಕಾಗಿರುವುದು ಅದನ್ನೇ. ಗೆಳೆಯರು ಫೋನ್ ಮಾಡಿ "ಓರಾಯನ್ ಚೆನ್ನಾಗಿದೆಯಾ, ಕೋರಮಂಗಲ ಚೆನ್ನಾಗಿದೆಯಾ" ಅಂತ ಕೇಳುತ್ತಾರೆ. ಯಾವ ಸ್ಕ್ರೀನ್, ಎಷ್ಟು ಗಂಟೆ ಶೋ ಅಂತ ಗೊತ್ತಾಗದೆ ಅದಕ್ಕೆ ಉತ್ತರ ಹೇಳೋಕೆ ಆಗಲ್ಲ.

ಒಂದು ಮಲ್ಟಿಪ್ಲೆಕ್ಸ್ ಅಂದರೆ ಹನ್ನೊಂದು ಟಾಕೀಸು

2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ ಪಿವಿಆರ್ 11 ಸ್ಕ್ರೀನ್ ಇಟ್ಟುಕೊಂಡು ಶುರುವಾದಾಗ ಊರಿಗೆ ಊರೇ ಬೆರಗಾಗಿತ್ತು. ಈಗ ಆ ಮಾಲ್‌ನ ಹೆಸರು ನೆಕ್ಸಸ್. ಆಮೇಲೆ ರಾಜಾಜಿನಗರದ ಓರಾಯನ್, ಮಲ್ಲೇಶ್ವರದ ಮಂತ್ರಿ, ಬನ್ನೇರುಘಟ್ಟ ರಸ್ತೆಯ ವೇಗಾ ಸಿಟಿ, ವೈಟ್‌ಫೀಲ್ಡ್ ಕಡೆಯ ಸಾಲು ಸಾಲು ಮಾಲ್‌ಗಳು, 2023ರಲ್ಲಿ ಹೆಬ್ಬಾಳದ ಆಚೆ ಮಾಲ್ ಆಫ್ ಏಷ್ಯಾ. ಅದೇ ವರ್ಷ ಪಿವಿಆರ್ ಮತ್ತು ಐನಾಕ್ಸ್ ಸೇರಿ ಒಂದೇ ಕಂಪನಿ ಆದವು. ಹಾಗಾಗಿ ಬೋರ್ಡ್ ಬೇರೆ ಇದ್ದರೂ ಮಾಲೀಕರು ಒಬ್ಬರೇ. ಇವರಲ್ಲದೆ ಸಿನಿಪೊಲಿಸ್, ಗೋಪಾಲನ್, ಇನ್ನೂ ಕೆಲವರು ಇದ್ದಾರೆ.

ಬೋರ್ಡ್ ಯಾರದ್ದೇ ಇರಲಿ, ಒಳಗೆ ದೊಡ್ಡ ಹಾಲ್ ಒಂದೋ ಎರಡೋ. ಮಿಕ್ಕವು ಮಧ್ಯಮ, ಸಣ್ಣ. ಹೊಸ ಸಿನಿಮಾ ಶುಕ್ರವಾರ ದೊಡ್ಡ ಹಾಲ್‌ಗೆ ಹೋಗುತ್ತದೆ. ಎರಡನೇ ವಾರ ಇನ್ನೊಂದು ದೊಡ್ಡ ಸಿನಿಮಾ ಬಂದರೆ ಇದನ್ನು ಸಣ್ಣದಕ್ಕೆ ತಳ್ಳುತ್ತಾರೆ. ಅದೇ ದಿನ ನಾಲ್ಕು ಗಂಟೆ ಶೋ ದೊಡ್ಡದರಲ್ಲಿ, ಏಳೂವರೆ ಶೋ ಸಣ್ಣದರಲ್ಲಿ ಇರುವುದೂ ಉಂಟು.

ಇದನ್ನು ಮನೆಯಲ್ಲೇ ಕೂತು ಕಂಡುಹಿಡಿಯಬಹುದು. ಬುಕಿಂಗ್ ಆಪ್‌ನಲ್ಲಿ ಸೀಟು ಆರಿಸುವ ಪುಟದ ತನಕ ಹೋಗಿ. ದುಡ್ಡು ಕಟ್ಟಬೇಡಿ, ಸುಮ್ನೆ ಸಾಲು ಎಣಿಸಿ. ಹದಿನಾಲ್ಕು ಹದಿನೈದು ಸಾಲು, ಸಾಲಿಗೆ ಇಪ್ಪತ್ತರ ಮೇಲೆ ಸೀಟು ಇದ್ದರೆ ದೊಡ್ಡ ಹಾಲ್. ಎಂಟು ಸಾಲು, ಸಾಲಿಗೆ ಹನ್ನೆರಡು ಅಂದರೆ ನಮ್ಮ ಕಲ್ಯಾಣ ಮಂಟಪದ ಊಟದ ಹಾಲ್‌ಗಿಂತ ಸಣ್ಣದು. ಆ ಪುಟ ಮುಚ್ಚಿ ಬೇರೆ ಟೈಮಿನ ಶೋ ತೆರೆದು ನೋಡಿ. ಶೋ ಟೈಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಟ್ಮಾಸ್ (ಸುತ್ತಲೂ, ನೆತ್ತಿ ಮೇಲಿಂದಲೂ ಬರುವ ಸದ್ದು), 4ಕೆ (ಹೆಚ್ಚು ಸ್ಪಷ್ಟವಾದ ಚಿತ್ರ), ಲೇಸರ್ (ಹೆಚ್ಚು ಬೆಳಕಿನ ಪ್ರೊಜೆಕ್ಟರ್), ಐಮ್ಯಾಕ್ಸ್ (ದೈತ್ಯ ಪರದೆ) ಅಂತ ಇದೆಯಾ ಅಂತಲೂ ನೋಡಿ. ಏನೂ ಇಲ್ಲದೆ ಬರೀ "2ಡಿ" ಅಂತಿದ್ದರೆ ಮಾಮೂಲಿ ಹಾಲ್. ಐದು ನಿಮಿಷದ ಕೆಲಸ. ನನ್ನ ಮಗಳು ಇದನ್ನು "ಅಪ್ಪನ ಜಾತಕ ನೋಡೋದು" ಅಂತಾಳೆ.

ಗಾಂಧಿನಗರದ ಲೆಕ್ಕವೇ ಬೇರೆ

ಟಾಕೀಸಿಗೆ ಈ ಜಾತಕ ಬೇಕಿಲ್ಲ. ಇರುವುದೇ ಒಂದು ಹಾಲ್. ಒಂದು ಸಲ ಹೋಗಿ ಚೆನ್ನಾಗಿದೆ ಅನ್ನಿಸಿದರೆ ಮುಂದಿನ ಸಲವೂ ಅದೇ ಪರದೆ, ಅದೇ ಸದ್ದು. ಸಿಂಗಲ್ ಸ್ಕ್ರೀನ್‌ನ ಈ ಗುಣವನ್ನು ಯಾರೂ ಹೊಗಳುವುದಿಲ್ಲ. ನನಗೆ ಇದೇ ದೊಡ್ಡದು.

ಮೆಜೆಸ್ಟಿಕ್ ಅನ್ನೋ ಏರಿಯಾದ ಹೆಸರೇ ಒಂದು ಟಾಕೀಸಿನದು. ಆ ಟಾಕೀಸು ಈಗಿಲ್ಲ. ಸಾಗರ್ ಬಟ್ಟೆ ಅಂಗಡಿ ಆಯಿತು. 1968ರಲ್ಲಿ ಬಾಗಿಲು ತೆರೆದ ಕಪಾಲಿ 2017ರಲ್ಲಿ ಮುಚ್ಚಿತು. ಸಾವಿರದ ನಾನೂರಕ್ಕಿಂತ ಜಾಸ್ತಿ ಸೀಟಿದ್ದ ಆ ಜಾಗದಲ್ಲಿ ಈಗ ಮಲ್ಟಿಪ್ಲೆಕ್ಸ್ ಕಟ್ಟಿದ್ದಾರೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ 31ಕ್ಕೆ ಕೊನೆಯ ಶೋ ಹಾಕಿತು. ಸ್ಯಾಂಕಿ ರಸ್ತೆಯ ಕಾವೇರಿ 1974ರಿಂದ ಐವತ್ತು ವರ್ಷ ನಡೆದು 2024ರಲ್ಲಿ ನಿಂತಿತು. ಕಾವೇರಿ ಸಿಗ್ನಲ್ ಅಂತ ಬಸ್ ಕಂಡಕ್ಟರ್ ಈಗಲೂ ಕೂಗುತ್ತಾರೆ.

ಉಳಿದವುಗಳಲ್ಲಿ ನಾನು ಹೋಗುವುದು ಕೆ.ಜಿ. ರಸ್ತೆಯ ಸಂತೋಷ್, ನರ್ತಕಿ, ಅನುಪಮ, ಮಾಗಡಿ ರಸ್ತೆಯ ವೀರೇಶ್, ಪ್ರಸನ್ನ, ರಾಜಾಜಿನಗರದ ನವರಂಗ್, ಲಾಲ್‌ಬಾಗ್ ಕಡೆಯ ಊರ್ವಶಿ. ಊರ್ವಶಿಗೆ ಪರದೆಯ ಅಗಲ, ಅಟ್ಮಾಸ್ ಸದ್ದು ಅಂತಲೇ ಒಂದು ಹೆಸರಿದೆ. ಸದ್ದು ಗದ್ದಲದ ದೊಡ್ಡ ಸಿನಿಮಾ ಬಂದರೆ ಐಟಿ ಹುಡುಗರು ಮಾಲ್ ಬಿಟ್ಟು ಅಲ್ಲಿಗೆ ಬರುವುದನ್ನು ನಾನೇ ನೋಡಿದ್ದೇನೆ.

ಕನ್ನಡದ ಸ್ಟಾರ್ ಸಿನಿಮಾ, ಮೊದಲ ದಿನ ಅಂದರೆ ನನ್ನ ಓಟು ಕಣ್ಣು ಮುಚ್ಚಿಕೊಂಡು ಗಾಂಧಿನಗರಕ್ಕೆ. ಮೇನ್ ಥಿಯೇಟರ್ ಅನ್ನೋ ಲೆಕ್ಕ ಈಗಲೂ ಅಲ್ಲಿದೆ. ಸಿನಿಮಾ ಊರಿಡೀ ಬಿಡುಗಡೆಯಾಗಿದ್ದರೂ ಕಟೌಟ್ ಏಳುವುದು, ಹಾರ ಹಾಕುವುದು, ತಮಟೆ ಬಾರಿಸುವುದು ಕೆ.ಜಿ. ರಸ್ತೆಯ ಆ ಒಂದು ಟಾಕೀಸಿನ ಮುಂದೆ. ಒಳಗೆ ಹೀರೋ ಎಂಟ್ರಿ ಆಗುವಾಗ ಬಾಲ್ಕನಿಯಿಂದ ಚೂರು ಮಾಡಿದ ಪೇಪರ್ ಮಳೆ ಸುರಿಯುತ್ತದೆ. ಕೆಳಗೆ ಕೂತವರ ತಲೆ, ಹೆಗಲು, ಅಂಗಿ ಜೇಬು, ಎಲ್ಲಾ ಕಡೆ ಪೇಪರ್. ರಾತ್ರಿ ಮನೆಗೆ ಹೋಗಿ ಅಂಗಿ ಬಿಚ್ಚಿದರೆ ಒಳಗಿಂದಲೂ ನಾಲ್ಕು ಚೂರು ಬೀಳುತ್ತದೆ. ಮೊದಲ ಅರ್ಧ ಗಂಟೆ ಡೈಲಾಗ್ ಕೇಳಿಸುವುದಿಲ್ಲ. ಕೇಳಿಸಬೇಕು ಅನ್ನುವವರು ಮೊದಲ ದಿನ ಬರಬೇಡಿ. ಮಂಗಳವಾರದ ಮ್ಯಾಟ್ನಿಗೆ ಬನ್ನಿ, ಇದೇ ಹಾಲ್‌ನಲ್ಲಿ ಕಾಲು ಚಾಚಿ ಕೂರಬಹುದು.

ಅಂಥ ಒಂದು ದಿನ, ಬುಧವಾರ ಸೆಕೆಂಡ್ ಶೋ. ಟಾಕೀಸಿನ ಹೆಸರು ಬೇಡ. ಬಾಲ್ಕನಿಯಲ್ಲಿ ಮೂವತ್ತು ಜನ ಇದ್ದರೆ ಹೆಚ್ಚು. ನಾನು ನಡು ಸಾಲಿನಲ್ಲಿ ಕೂರಲು ಹೋದೆ. ಟಾರ್ಚ್ ಹಿಡಿದ ಹಿರಿಯರೊಬ್ಬರು ಮೆಟ್ಟಿಲ ಮೇಲಿಂದಲೇ ಬೆಳಕು ಬಿಟ್ಟರು. "ಆ ಸಾಲು ಬೇಡ ಸಾರ್, ಎಸಿ ನೀರು ತೊಟ್ಟಿಕ್ಕುತ್ತೆ. ಎರಡು ಸಾಲು ಮೇಲೆ ಬನ್ನಿ." ಬಂದೆ. ಇಂಟರ್ವಲ್ ಹೊತ್ತಿಗೆ ಆ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಕರ್ಚೀಫಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ. ಯಾವ ಆಪ್‌ನಲ್ಲೂ ಈ ಮಾಹಿತಿ ಬರುವುದಿಲ್ಲ.

ಅದೇ ಕಥೆಯಲ್ಲಿ ಟಾಕೀಸಿನ ದೋಷವೂ ಇದೆ. ರಿಪೇರಿಗೆ ದುಡ್ಡು ಹಾಕುವವರು ಕಡಿಮೆ. ಜನ ಕಡಿಮೆ ಇದ್ದರೆ ಎಸಿಯನ್ನು ಮೆಲ್ಲಗೆ ಆರಿಸಿಬಿಡುತ್ತಾರೆ. ಕೆಲವು ಕಡೆ ಸೀಟಿನಲ್ಲಿ ತಿಗಣೆ. ಇದನ್ನೆಲ್ಲ ನೆನಪಿನ ಮೋಹದಲ್ಲಿ ಮುಚ್ಚಿಡಬಾರದು.

ಪರದೆ ಅಗಲವಾ, ಎತ್ತರವಾ?

ಇದು ಸ್ವಲ್ಪ ಲೆಕ್ಕದ ವಿಷಯ. ಆದರೆ ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ.

ನಮ್ಮ ಹೆಚ್ಚಿನ ಸಿನಿಮಾಗಳು ಸ್ಕೋಪ್. ಅಂದರೆ ಎತ್ತರ ಒಂದಿದ್ದರೆ ಅಗಲ 2.39. ಉದ್ದನೆಯ ಚಿತ್ರ. ಇನ್ನೊಂದು ಅಳತೆ 1.85, ಇದಕ್ಕೆ ಫ್ಲಾಟ್ ಅನ್ನುತ್ತಾರೆ. ಸಿನಿಮಾಸ್ಕೋಪ್ ಕಾಲದಲ್ಲಿ ಕಟ್ಟಿದ ಹಳೆಯ ಟಾಕೀಸುಗಳ ಪರದೆ ಅಗಲಕ್ಕೆ ಮಾಡಿದ್ದು. ಸ್ಕೋಪ್ ಸಿನಿಮಾ ಬಂದರೆ ಅಕ್ಕಪಕ್ಕದ ಕಪ್ಪು ಬಟ್ಟೆ ಸರಿದು ಪರದೆ ಪೂರ್ತಿ ತುಂಬುತ್ತದೆ. ಮಾಲ್‌ಗಳ ಸಣ್ಣ ಹಾಲ್‌ನಲ್ಲಿ ಗೋಡೆಯ ಅಗಲವೇ ಕಡಿಮೆ. ಪರದೆ ಚೌಕಕ್ಕೆ ಹತ್ತಿರ. ಅಲ್ಲಿ ಸ್ಕೋಪ್ ಸಿನಿಮಾ ಹಾಕಿದರೆ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ. ಮನೆಯ ಟಿವಿಯಲ್ಲಿ ಬರುತ್ತದಲ್ಲ, ಹಾಗೇ. ಅಷ್ಟು ದುಡ್ಡು ಕೊಟ್ಟು ಪರದೆಯ ಕಾಲು ಭಾಗ ಖಾಲಿ ನೋಡಿ ಬರುತ್ತೇವೆ.

ಹಾಗಾದರೆ ಐಮ್ಯಾಕ್ಸ್? ಕೋರಮಂಗಲ, ವೇಗಾ ಸಿಟಿ, ಮಾಲ್ ಆಫ್ ಏಷ್ಯಾಗಳಲ್ಲಿದೆ. ಡಿಜಿಟಲ್ ಐಮ್ಯಾಕ್ಸ್ ಪರದೆಯ ಅಳತೆ 1.90. ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ಅಥವಾ ಅದಕ್ಕೆಂದೇ ಸಿದ್ಧ ಮಾಡಿದ ಸಿನಿಮಾ ಆದರೆ ಅದೇ ಅಗಲದಲ್ಲಿ ಮೇಲೆ ಕೆಳಗೆ ಹೆಚ್ಚು ಚಿತ್ರ ಕಾಣುತ್ತದೆ, ಸ್ಕೋಪ್‌ಗಿಂತ ಸುಮಾರು 26 ಪರ್ಸೆಂಟ್ ಜಾಸ್ತಿ. ಅಂಥ ಸಿನಿಮಾಗೆ ಐಮ್ಯಾಕ್ಸ್ ದುಡ್ಡು ಕೊಡಿ, ಬೇಜಾರಾಗಲ್ಲ. ಆದರೆ ಮಾಮೂಲಿ ಸ್ಕೋಪ್‌ನಲ್ಲಿ ತೆಗೆದ ಸಿನಿಮಾವನ್ನು ಸುಮ್ನೆ ಐಮ್ಯಾಕ್ಸ್ ಶೋ ಅಂತ ಹಾಕಿರುತ್ತಾರೆ. ಅಲ್ಲೂ ಅದೇ ಕಪ್ಪು ಪಟ್ಟಿ. ಸಿಗುವುದು ದೊಡ್ಡ ಪರದೆ, ದಪ್ಪ ಸದ್ದು ಅಷ್ಟೇ. ಅದಕ್ಕೆ ಎರಡರಷ್ಟು ರೇಟ್ ಯಾಕೆ? ಸಿನಿಮಾದ ಜಾಹೀರಾತಿನಲ್ಲಿ "ಐಮ್ಯಾಕ್ಸ್‌ಗಾಗಿ ಚಿತ್ರೀಕರಿಸಿದ್ದು" ಅಂತ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಐಮ್ಯಾಕ್ಸ್‌ನಲ್ಲಿ ಮುಂದಿನ ಐದು ಸಾಲು ಫ್ರೀ ಕೊಟ್ಟರೂ ಬೇಡ. ಕತ್ತು ಹಿಡಿದುಕೊಳ್ಳುತ್ತದೆ. ಹಿಂದಿನ ಮೂರನೇ ಒಂದು ಭಾಗದ ನಡು ಸೀಟು ಸಿಕ್ಕರೆ ಹೋಗಿ, ಇಲ್ಲದಿದ್ದರೆ ಇನ್ನೊಂದು ದಿನ.

3ಡಿ ಬಗ್ಗೆ ಚಿಕ್ಕ ಮಾತು. ಆ ಕನ್ನಡಕ ಬರುವ ಬೆಳಕನ್ನು ಎರಡು ಕಣ್ಣಿಗೆ ಹಂಚುತ್ತದೆ, ಜೊತೆಗೆ ತಾನೂ ಒಂದಷ್ಟು ನುಂಗುತ್ತದೆ. ಹಳೆಯ ಲ್ಯಾಂಪ್ ಇರುವ ಪ್ರೊಜೆಕ್ಟರ್ ಆದರೆ ರಾತ್ರಿ ಸೀನ್‌ಗಳಲ್ಲಿ ಏನೂ ಕಾಣುವುದಿಲ್ಲ. ಲೇಸರ್ ಇರುವ ಹಾಲ್‌ನಲ್ಲಿ ಮಾತ್ರ 3ಡಿ ನೋಡಿ. ಎರಡೂ ಸಿಕ್ಕರೆ ನಾನು 2ಡಿಗೇ ಹೋಗುತ್ತೇನೆ.

ಎಂ.ಜಿ. ರಸ್ತೆಯ ಶಂಕರ್‌ನಾಗ್ ಚಿತ್ರಮಂದಿರದ ಕಥೆ ಬೇರೆ. ಹಿಂದೆ ಸಿಂಫನಿ ಆಗಿದ್ದದ್ದು. 2019ರಲ್ಲಿ ಅಲ್ಲಿ ಪ್ರೊಜೆಕ್ಟರ್ ತೆಗೆದು ಸ್ಯಾಮ್‌ಸಂಗ್‌ನ ಎಲ್‌ಇಡಿ ಪರದೆ ಹಾಕಿದರು. ಅಂದರೆ ಗೋಡೆಯೇ ಟಿವಿ. ಕಪ್ಪು ಅಂದರೆ ನಿಜವಾದ ಕಪ್ಪು, ಬಣ್ಣ ಝಗಝಗ. ಒಂದೇ ತೊಡಕು. ಮಾಮೂಲಿ ಪರದೆಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಸ್ಪೀಕರ್ ಅದರ ಹಿಂದೆ ಕೂತಿರುತ್ತದೆ. ಹಾಗಾಗಿ ಮಾತು ನಟನ ಬಾಯಿಂದಲೇ ಬಂದಂತೆ ಕೇಳುತ್ತದೆ. ಎಲ್‌ಇಡಿ ಗೋಡೆಗೆ ತೂತಿಲ್ಲ. ಸ್ಪೀಕರ್ ಮೇಲೆ, ಪಕ್ಕದಲ್ಲಿ ಇಡಬೇಕು. ಹೆಚ್ಚಿನವರಿಗೆ ಇದು ಗೊತ್ತೂ ಆಗುವುದಿಲ್ಲ. ನನ್ನಂಥವನು ಮೊದಲ ಹತ್ತು ನಿಮಿಷ ಅದನ್ನೇ ಕೇಳಿಸಿಕೊಳ್ಳುತ್ತಾ ಕೂರುತ್ತಾನೆ.

ಸದ್ದು

ಡಾಲ್ಬಿ ಅಟ್ಮಾಸ್ ಬಂದಿದ್ದು 2012ರಲ್ಲಿ. ಅದಕ್ಕೆ ಮೊದಲು ಸದ್ದು ಮುಂದೆ, ಅಕ್ಕಪಕ್ಕ, ಹಿಂದೆ ಅಂತ ಗೋಡೆ ಗೋಡೆಗೆ ಹಂಚಿಕೆ ಆಗುತ್ತಿತ್ತು. ಅಟ್ಮಾಸ್‌ನಲ್ಲಿ ಹಾಲ್‌ನ ಒಳಚಾವಣಿಯಲ್ಲೂ ಸ್ಪೀಕರ್. ಒಂದೊಂದು ಸ್ಪೀಕರ್‌ಗೂ ಬೇರೆ ಬೇರೆ ಸದ್ದು ಕಳಿಸಬಹುದು, 64ರ ತನಕ. ಹೆಲಿಕಾಪ್ಟರ್ ನಿಮ್ಮ ನೆತ್ತಿ ಮೇಲೆ ಹಾದು ಹೋಗುವುದು ಇದರಿಂದ.

ಆದರೆ ಅಟ್ಮಾಸ್ ಅಂತ ಬೋರ್ಡ್ ಇದ್ದರೆ ಸಾಲದು. ವಾಲ್ಯೂಮ್ ಎಷ್ಟಿಟ್ಟಿದ್ದಾರೆ ಅನ್ನುವುದು ಮುಖ್ಯ. ಮಾಲ್‌ಗಳಲ್ಲಿ "ಜೋರಾಯಿತು" ಅಂತ ಯಾರೋ ಒಬ್ಬರು ದೂರು ಕೊಟ್ಟರೆ ತಗ್ಗಿಸಿಬಿಡುತ್ತಾರೆ. ಮತ್ತೆ ಏರಿಸುವವರಿಲ್ಲ. ಟಾಕೀಸಿನಲ್ಲಿ ಉಲ್ಟಾ. ಅಲ್ಲಿ ಕಡಿಮೆಯಾದರೆ ಗಾಂಧಿ ಕ್ಲಾಸ್‌ನಿಂದ ಶಿಳ್ಳೆ ಬರುತ್ತದೆ, "ಸೌಂಡ್ ಕೊಡೋ!" ಅಂತ. ಅದಕ್ಕೇ ಹೊಡೆದಾಟ, ಹಾಡು, ಕುಣಿತದ ಸಿನಿಮಾಗೆ ದೊಡ್ಡ ಟಾಕೀಸು. ಪಿಸುಮಾತು, ಮೌನ, ಹೊರಗಿನ ಹಕ್ಕಿ ಸದ್ದು ಇರುವ ಸಿನಿಮಾಗೆ ಮಾಲ್. ಪಕ್ಕದ ಹಾಲ್‌ನಲ್ಲಿ ಫೈಟ್ ಸಿನಿಮಾ ಇಲ್ಲದಿದ್ದರೆ!

ಎಲ್ಲಿ ಕೂರಬೇಕು? ಸೌಂಡ್ ಮಿಕ್ಸ್ ಮಾಡುವವರು ತಮ್ಮ ಸ್ಟುಡಿಯೋ ಹಾಲ್‌ನಲ್ಲಿ ಪರದೆಯಿಂದ ಸುಮಾರು ಮೂರನೇ ಎರಡು ಭಾಗ ಹಿಂದೆ, ನಡುವೆ ಕೂತಿರುತ್ತಾರೆ. ನೀವೂ ಅಲ್ಲೇ ಕೂತರೆ ಅವರು ಕೇಳಿದ್ದೇ ನಿಮಗೂ ಕೇಳುತ್ತದೆ. ಕೊನೆಯ ಸಾಲಿಗೆ ಜಾಸ್ತಿ ದುಡ್ಡು ಕೊಡುವುದು ನನಗೆ ಇವತ್ತಿಗೂ ಅರ್ಥವಾಗದ ವ್ಯವಹಾರ. ಹಿಂದಿನ ಗೋಡೆಯ ಸ್ಪೀಕರ್ ಕಿವಿಗೇ ಬಡಿಯುತ್ತದೆ.

ದುಡ್ಡಿನ ಮಾತು

ಇದು ನಮ್ಮ ಮನೆಯ ಎರಡು ಬಿಲ್. ನಾಲ್ಕು ಜನ. ಮಾಲ್, ಭಾನುವಾರ: ಟಿಕೆಟ್ 290ರಂತೆ 1160, ಆಪ್‌ನವರ ಶುಲ್ಕ 140, ಒಂದು ಪಾಪ್‌ಕಾರ್ನ್ ಎರಡು ಕೂಲ್‌ಡ್ರಿಂಕ್ಸ್ ಸೇರಿ 890, ಪಾರ್ಕಿಂಗ್ 80. ಒಟ್ಟು 2270. ಟಾಕೀಸು, ಶನಿವಾರ, ಬಾಲ್ಕನಿ: ಟಿಕೆಟ್ 180ರಂತೆ 720, ಎರಡು ಸ್ಕೂಟರ್ ಪಾರ್ಕಿಂಗ್ 40, ಸಮೋಸ, ಚಿಪ್ಸ್, ಟೀ 160. ಒಟ್ಟು 920. ಟಿಕೆಟ್‌ನ ವ್ಯತ್ಯಾಸಕ್ಕಿಂತ ತಿಂಡಿಯ ವ್ಯತ್ಯಾಸ ಜಾಸ್ತಿ ಅನ್ನೋದನ್ನು ಗಮನಿಸಿ.

ಮಾಲ್‌ಗೆ ಹೋಗುವ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಿ. ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಥಿಯೇಟರ್‌ನವರಿಗೆ ಇದೆ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಹಸುಗೂಸಿಗೆ ಬೇಕಾದ ಆಹಾರ ತಂದರೆ ಬಿಡಬೇಕು ಅಂತಲೂ ಹೇಳಿದೆ. ನೀರಿನ ನಲ್ಲಿ ಎಲ್ಲಿದೆ ಅಂತ ಕೇಳಿ. ಸಾಮಾನ್ಯವಾಗಿ ಟಾಯ್ಲೆಟ್ ಪಕ್ಕದ ಮೂಲೆಯಲ್ಲಿ ನಾಚಿಕೊಂಡು ನಿಂತಿರುತ್ತದೆ.

ಟಿಕೆಟ್ ರೇಟ್‌ಗೆ ಕಡಿವಾಣ ಹಾಕುವ ಪ್ರಯತ್ನ ಎರಡು ಸಲ ಆಯಿತು. 2017ರಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿತು, ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರಿಗೆ ಬಿಟ್ಟು 200 ಅಂತ ನಿಯಮ ಬಂತು. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಹಾಲ್‌ಗಳಿಗೆ ವಿನಾಯಿತಿ ಇತ್ತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ರೇಟ್ ಇಳಿಸಿಕೊಳ್ಳುವ ದಾರಿ ನಾವೇ ಹುಡುಕಬೇಕು. ಸೋಮವಾರದಿಂದ ಗುರುವಾರ, ಬೆಳಗಿನ ಶೋ. ಅದೇ ಸೀಟು ಅರ್ಧ ರೇಟ್‌ಗೆ ಸಿಗುತ್ತದೆ. ಹತ್ತಿರದಲ್ಲೇ ಮನೆ ಇದ್ದರೆ ಕೌಂಟರ್‌ಗೆ ಹೋಗಿ ಟಿಕೆಟ್ ತಗೊಳ್ಳಿ, ಆಪ್‌ನ ಶುಲ್ಕ ಉಳಿಯುತ್ತದೆ.

ಇನ್ನು ರಿಕ್ಲೈನರ್. ಮಲಗುವ ಕುರ್ಚಿ, ಕಂಬಳಿ, ಕರೆದರೆ ಬರುವ ಹುಡುಗ. ದಾವಣಗೆರೆಯಿಂದ ಬಂದ ನಮ್ಮ ಭಾವನನ್ನು ಖುಷಿಪಡಿಸೋಣ ಅಂತ ಒಮ್ಮೆ ಕರೆದುಕೊಂಡು ಹೋದೆ. ಇಂಟರ್ವಲ್‌ಗೆ ಮುಂಚೆಯೇ ಗೊರಕೆ. ಹೊರಗೆ ಬಂದು, "ಭಾಳ ಚೊಲೋ ಐತಿ, ಮತ್ತೊಮ್ಮೆ ಬರೋಣು" ಅಂದರು. ಆ ಹಾಲ್‌ಗಳು ಸಾಮಾನ್ಯವಾಗಿ ಸಣ್ಣವು, ಪರದೆಯೂ ಸಣ್ಣದು. ಸಿನಿಮಾ ನೋಡುವುದಕ್ಕೆ ಅಂತ ನಾನು ಶಿಫಾರಸು ಮಾಡಲ್ಲ. ಕುರ್ಚಿ ಅಲ್ಲಾಡಿಸಿ ನೀರು ಚಿಮುಕಿಸುವ 4ಡಿಎಕ್ಸ್ ಕೂಡ ಅಷ್ಟೇ. ಮಕ್ಕಳಿಗೆ ಒಂದು ಸಲ ಜಾತ್ರೆ ತಿರುಗುಣಿ ಹತ್ತಿಸಿದಂತೆ ತೋರಿಸಿ, ಸಾಕು.

ಯಾರ ಜೊತೆ ಹೋಗುತ್ತೀರಿ?

ಅಮ್ಮನಿಗೆ ಎಪ್ಪತ್ತೆರಡು. ಮಂಡಿ ನೋವು. ಟಾಕೀಸಿನ ಬಾಲ್ಕನಿಗೆ ಎರಡು ಮಹಡಿ ಮೆಟ್ಟಿಲು, ಒಳಗೆ ಕತ್ತಲಲ್ಲಿ ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಅವರ ಜೊತೆ ನಾನು ಮಾಲ್‌ಗೇ ಹೋಗುವುದು. ಲಿಫ್ಟ್ ಇದೆ, ಟಾಯ್ಲೆಟ್ ಒಣಗಿರುತ್ತದೆ. ಆದರೆ ಮಾಲ್‌ನಲ್ಲೂ ಒಂದು ಮೋಸ ಇದೆ. ಕೆಲವು ಹಾಲ್‌ಗಳಲ್ಲಿ ಬಾಗಿಲು ಕೆಳಗಡೆ ಇರುತ್ತದೆ, ಮೇಲಿನ ಸಾಲಿಗೆ ಇಪ್ಪತ್ತೈದು ಮೆಟ್ಟಿಲು ಹತ್ತಬೇಕು. ಕೆಲವದರಲ್ಲಿ ಬಾಗಿಲು ನಡುವೆ. ಆಪ್‌ನ ಸೀಟಿನ ನಕ್ಷೆಯಲ್ಲಿ ನಡುವೆ ಒಂದು ಅಡ್ಡ ದಾರಿ ಕಂಡರೆ ಅದರ ಹಿಂದಿನ ಸಾಲಿನ ತುದಿಯ ಸೀಟು ಹಿಡಿಯಿರಿ. ವಯಸ್ಸಾದವರಿಗೆ ಇಡೀ ಹಾಲ್‌ನಲ್ಲಿ ಅದೇ ಒಳ್ಳೆಯ ಸೀಟು. ಮುಂದೆ ಕಾಲು ಚಾಚಲು ಜಾಗ, ಟಾಯ್ಲೆಟ್‌ಗೆ ಹೋಗುವಾಗ ಯಾರ ಮಂಡಿಯನ್ನೂ ದಾಟಬೇಕಿಲ್ಲ.

ಹೆಣ್ಣುಮಕ್ಕಳು ಗುಂಪಾಗಿ ರಾತ್ರಿ ಶೋಗೆ ಹೋಗುವುದಾದರೂ ಮಾಲ್ ವಾಸಿ ಅಂತ ನನ್ನ ಹೆಂಡತಿಯ ಅಭಿಪ್ರಾಯ. ಟಾಕೀಸಿನ ಟಾಯ್ಲೆಟ್ ಬಗ್ಗೆ ಅವಳು ಹೇಳಿದ್ದನ್ನು ಇಲ್ಲಿ ಬರೆಯೋಕೆ ಆಗಲ್ಲ.

ಮಾಲ್‌ನ ಇನ್ನೊಂದು ತಲೆನೋವು ಜಾಹೀರಾತು. ಏಳು ಗಂಟೆ ಅಂತ ಟಿಕೆಟ್‌ನಲ್ಲಿದ್ದರೆ ಸಿನಿಮಾ ಶುರುವಾಗುವುದು ಏಳೂ ಇಪ್ಪತ್ತಕ್ಕೆ. ಬೆಂಗಳೂರಿನ ಒಬ್ಬರು 25 ನಿಮಿಷ ಜಾಹೀರಾತು ತೋರಿಸಿ ಟೈಮ್ ಹಾಳು ಮಾಡಿದರು ಅಂತ ಗ್ರಾಹಕ ನ್ಯಾಯಾಲಯಕ್ಕೆ ಹೋಗಿ 2025ರಲ್ಲಿ ಗೆದ್ದರು. ಆಮೇಲೆ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಾನು ಹತ್ತು ನಿಮಿಷ ತಡವಾಗಿಯೇ ಹೋಗುತ್ತೇನೆ. ಟಾಕೀಸಿಗೆ ಮಾತ್ರ ಹಾಗೆ ಮಾಡಬೇಡಿ. ಅಲ್ಲಿ ಜಾಹೀರಾತು ಕಡಿಮೆ, ಟೈಟಲ್ ಕಾರ್ಡ್ ತಪ್ಪಿಹೋಗುತ್ತದೆ.

ಸಣ್ಣ ಕನ್ನಡ ಸಿನಿಮಾ ಆದರೆ

ಸ್ಟಾರ್ ಇಲ್ಲದ ಕನ್ನಡ ಸಿನಿಮಾಕ್ಕೆ ಟಾಕೀಸು ಸಿಗುವುದು ಕಷ್ಟ. ಸಿಕ್ಕರೂ ಒಂದು ವಾರ. ಮಾಲ್‌ನವರು ಬೆಳಿಗ್ಗೆ ಹತ್ತಕ್ಕೋ ರಾತ್ರಿ ಹತ್ತಕ್ಕೋ ಒಂದು ಶೋ ಕೊಡುತ್ತಾರೆ, ಜನ ಬರಲಿಲ್ಲ ಅಂತ ಸೋಮವಾರ ತೆಗೆಯುತ್ತಾರೆ. ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಹತ್ತಕ್ಕೆ ಎಲ್ಲಿಂದ ಬರಬೇಕು? ಇಂಥ ಸಿನಿಮಾ ನೋಡಬೇಕು ಅಂತಿದ್ದರೆ "ಮುಂದಿನ ವಾರ ನೋಡೋಣ" ಅನ್ನಬೇಡಿ. ಶುಕ್ರವಾರ ಅಥವಾ ಶನಿವಾರವೇ ಹೋಗಿ. ಇಲ್ಲಿ ಮಾತ್ರ ನನ್ನ ಸ್ಕ್ರೀನ್ ನಂಬರ್ ಜಾತಕ ಪಕ್ಕಕ್ಕಿಡಿ. ಯಾವ ಹಾಲ್ ಸಿಕ್ಕಿದರೂ ಸರಿ. ಎಂಬತ್ತು ಸೀಟಿನ ಹಾಲ್‌ನಲ್ಲಿ ಎಪ್ಪತ್ತು ಜನ ಕೂತು ಒಟ್ಟಿಗೆ ನಗುವುದು, ಮುನ್ನೂರು ಸೀಟಿನ ಹಾಲ್‌ನಲ್ಲಿ ಹತ್ತು ಜನ ಕೂರುವುದಕ್ಕಿಂತ ಎಷ್ಟೋ ವಾಸಿ.

ಅದೂ ತಪ್ಪಿದರೆ ಬನಶಂಕರಿ ಎರಡನೇ ಹಂತದ ಸುಚಿತ್ರಾ ಕಡೆ ಕಣ್ಣಿಟ್ಟಿರಿ. 1971ರಲ್ಲಿ ಶುರುವಾದ ಫಿಲ್ಮ್ ಸೊಸೈಟಿ ಅದು. ಪಾಪ್‌ಕಾರ್ನ್ ಇಲ್ಲ, ಸಿನಿಮಾ ಮುಗಿದ ಮೇಲೆ ಎದ್ದು ಓಡುವವರೂ ಕಡಿಮೆ.

ತೆಲುಗು, ತಮಿಳು, ಮಲಯಾಳಂ ಸಿನಿಮಾಗಳನ್ನು ಮೂಲ ಭಾಷೆಯಲ್ಲಿ ನೋಡುವವರು ಸಬ್‌ಟೈಟಲ್ ಇದೆಯಾ ಅಂತ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ. ಮಾಲ್‌ಗಳಲ್ಲಿ ಇರುವ ಸಾಧ್ಯತೆ ಜಾಸ್ತಿ. ಟಾಕೀಸಿನಲ್ಲಿ ಪಕ್ಕದವರನ್ನು ಕೇಳಬೇಕು.

ಹೋಗೋದು, ಬರೋದು

ಗಾಂಧಿನಗರಕ್ಕೆ ಕಾರ್ ತರಬೇಡಿ. ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು ನಡೆದರೆ ಹತ್ತು ನಿಮಿಷ. ಮಂತ್ರಿ ಮಾಲ್‌ಗೆ ಸ್ಟೇಷನ್ನೇ ಅಂಟಿಕೊಂಡಿದೆ. ಓರಾಯನ್‌ಗೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ ಹತ್ತಿರ. ಶಂಕರ್‌ನಾಗ್‌ಗೆ ಎಂ.ಜಿ. ರಸ್ತೆ ಸ್ಟೇಷನ್. ಕೋರಮಂಗಲಕ್ಕೆ, ವೇಗಾ ಸಿಟಿಗೆ ಮಾತ್ರ ನಾನು ರಸ್ತೆಯಲ್ಲೇ ಹೋಗಿ ಬಂದವನು. ಶುಕ್ರವಾರ ಸಂಜೆ ಬನ್ನೇರುಘಟ್ಟ ರಸ್ತೆಯಲ್ಲಿ ಐಮ್ಯಾಕ್ಸ್‌ಗೆ ಅಂತ ಹೊರಟು ಇಂಟರ್ವಲ್‌ಗೆ ತಲುಪಿದವರು ನಮ್ಮ ಆಫೀಸಿನಲ್ಲೇ ಇದ್ದಾರೆ. ಅಂಥ ಕಡೆ ಶನಿವಾರ ಬೆಳಗಿನ ಮೊದಲ ಶೋ ಹಿಡಿಯಿರಿ. ರಸ್ತೆ ಖಾಲಿ, ಹಾಲ್ ಆಗ ತಾನೇ ಗುಡಿಸಿದ್ದು, ಟಿಕೆಟ್ಟೂ ಅಗ್ಗ.

ಸೆಕೆಂಡ್ ಶೋಗೆ ಮೆಟ್ರೋ ನಂಬಿ ಹೋಗುವುದಾದರೆ ಸಿನಿಮಾ ಎಷ್ಟು ಉದ್ದ ಇದೆ ಅಂತ ನೋಡಿ ಹೊರಡಿ. ಈಗಿನ ಸಿನಿಮಾಗಳು ಮೂರು ಗಂಟೆ ದಾಟುತ್ತಿವೆ. ಒಂಬತ್ತೂವರೆಗೆ ಕೂತರೆ ಏಳುವುದು ಹನ್ನೆರಡೂ ಮುಕ್ಕಾಲಿಗೆ. ಅಷ್ಟು ಹೊತ್ತಿಗೆ ಮೆಟ್ರೋ ಬಾಗಿಲು ಹಾಕಿರುತ್ತದೆ, ಟಾಕೀಸಿನ ಮುಂದೆ ನಿಂತ ಆಟೋದವರು ನಿಮ್ಮನ್ನೇ ಕಾಯುತ್ತಿರುತ್ತಾರೆ. ಮೀಟರ್ ಹಾಕಿ ಅಂತ ಕೇಳಿ ನೋಡಿ, ಆ ಸೀನ್‌ಗೆ ಟಿಕೆಟ್ ಇಲ್ಲ.